ಬುತ್ತಿ ಗಂಟು ಹಿಡಿದು ನಿಂತವಳು

ಹೋದ ಗುರುವಾರ ಮೈಸೂರಿನಿಂದ ಬಂದ ನನ್ನ ಮೊಮ್ಮಗಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು, ಸಿನಿಮಾ ಸಿಕ್ಕಿತು ಅಂತ. ನಾನು ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ತೊಡೆಯ ಮೇಲಿದ್ದ ಮೊರ ಜಾರಿ ಕಾಳೆಲ್ಲ ಅಂಗಳಕ್ಕೆ ಚೆಲ್ಲಿತು. ಕೋಳಿಗಳು ಬಂದು ಹೆಕ್ಕತೊಡಗಿದವು. ನಾನು ಓಡಿಸಲಿಲ್ಲ. ತಿನ್ನಲಿ ಬಿಡು, ಅವೂ ಹಬ್ಬ ಮಾಡಲಿ ಅನ್ನಿಸಿತು. ಎಪ್ಪತ್ತರ ಹತ್ತಿರ ಬಂದ ಮುದುಕಿ ಮೊಮ್ಮಗಳ ಎರಡೂ ಕೈ ಹಿಡಿದು ಅಂಗಳದಲ್ಲಿ ಗಿರಗಿರ ತಿರುಗಿದ್ದನ್ನು ಎದುರುಮನೆಯವರು ನೋಡಿ ನಕ್ಕರಂತೆ. ಅವರೂ ನಗಲಿ.

ಐವತ್ತು ವರ್ಷದ ಹತ್ತಿರ ನಾನು ಕಾದ ಸಿನಿಮಾ ಅದು. ಅದರಲ್ಲಿ ನಾನಿದ್ದೇನೆ. ನಾನಿರುವುದು ದೊಡ್ಡ ಸಂಗತಿಯಲ್ಲ, ಒಂದು ಬೀಡಿ ಹಚ್ಚುವಷ್ಟು ಹೊತ್ತು ಇದ್ದರೆ ಹೆಚ್ಚು. ನಮ್ಮ ಯಜಮಾನರಿದ್ದಾರೆ, ಅದು ದೊಡ್ಡದು. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಹರೆಯದ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಈಗ ಗೋಡೆಯಲ್ಲಿ ತೂಗುಹಾಕಿರುವುದು ವೋಟಿನ ಕಾರ್ಡಿನ ಪಟವನ್ನು ಚಾಮರಾಜನಗರದಲ್ಲಿ ದೊಡ್ಡದು ಮಾಡಿಸಿದ್ದು. ಅದರಲ್ಲಿ ಯಾರ ಮೇಲೋ ಸಿಟ್ಟು ಮಾಡಿಕೊಂಡು ಕೂತ ಹಾಗಿದ್ದಾರೆ. ದಿನಾ ಹೂವಿಡುತ್ತೇನೆ, ಆದರೆ ನನ್ನನ್ನು ಮದುವೆಯಾದ ಆಸಾಮಿ ಅವರಲ್ಲ ಅನ್ನಿಸುತ್ತದೆ.

ಆ ಸಿನಿಮಾದಿಂದ ನನಗೆ ತಿಳಿಯಬೇಕಾಗಿದ್ದದ್ದು ಒಂದೇ ಒಂದು ಸಂಗತಿ. ಬಸ್ಸು ಹತ್ತುವಾಗ ಅವರು ನನ್ನ ಕಡೆ ತಿರುಗಿ ನೋಡಿದರೋ ಇಲ್ಲವೋ.

ಇದನ್ನೆಲ್ಲ ಬರೆದಿಡು ಅಜ್ಜಿ, ಆದರೆ ಯಾರ ಹೆಸರೂ ಹಾಕಬೇಡ ಅಂತ ಮೊಮ್ಮಗಳು ಹೇಳಿದ್ದಾಳೆ. ನನಗೇನೂ ಕಷ್ಟವಿಲ್ಲ. ಒಂದು ಹೆಸರನ್ನಂತೂ ನಾನು ಇವತ್ತಿನವರೆಗೆ ಬಾಯಲ್ಲಿ ಆಡಿಲ್ಲ, ಕೈಯಲ್ಲಿ ಬರೆದಿಲ್ಲ. ರೇಷನ್ ಕಾರ್ಡು ಮಾಡಿಸುವ ಕಡೆ ಗಂಡನ ಹೆಸರೇನು ಅಂತ ಕೇಳಿದರೆ ಪಕ್ಕದಲ್ಲಿ ನಿಂತವಳ ಮುಖ ನೋಡುತ್ತಿದ್ದೆ, ಅವಳು ಹೇಳುತ್ತಿದ್ದಳು. ಅವಳ ಗಂಡನ ಹೆಸರನ್ನು ನಾನು ಹೇಳುತ್ತಿದ್ದೆ. ನಮ್ಮ ಕಾಲದ ಹೆಂಗಸರು ಹೀಗೆಯೇ ಒಬ್ಬರಿಗೊಬ್ಬರು ಆಗಿಬಂದೆವು. ಈ ಕಥೆಯೆಲ್ಲ ಆಗಿದ್ದೂ ಗಂಡನ ಹೆಸರು ಹೇಳದ ಆ ರೂಢಿಯಿಂದಲೇ.

ನಾನು ಗುಂಡ್ಲುಪೇಟೆ ಕಡೆಯ ಹುಡುಗಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಮದುವೆಯಾಗಿ ಹರವೆ ಕಡೆಯ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಚಾಮರಾಜನಗರದ ಬಸ್ಸಿನಿಂದ ಒಬ್ಬರು ಇಳಿದರು. ಉದ್ದನೆಯ ಮನುಷ್ಯ, ಹೆಗಲಲ್ಲಿ ಬಟ್ಟೆಚೀಲ, ಕೈಯಲ್ಲಿ ಒಂದು ನೋಟುಪುಸ್ತಕ. ಟೀ ಅಂಗಡಿಯ ಕಲ್ಲಿನ ಮೇಲೆ ಕೂತು, ಊರಲ್ಲಿ ಎಷ್ಟು ಮನೆ, ಮನೆಗೆಷ್ಟು ಮಕ್ಕಳು, ಗಂಡಸರಿಗೆ ವಯಸ್ಸೆಷ್ಟು ಅಂತ ಕೇಳಿ ಬರೆದುಕೊಳ್ಳತೊಡಗಿದರು. ಫ್ಯಾಮಿಲಿ ಪ್ಲಾನಿಂಗಿನವರು ಊರೂರಿಗೆ ಬಂದು ಗಂಡಸರನ್ನು ಆಪರೇಷನ್ನಿಗೆ ಅಂತ ಜೀಪಿಗೆ ಹಾಕಿಕೊಂಡು ಹೋಗುತ್ತಾರೆ ಅಂತ ಗುಲ್ಲೆದ್ದಿದ್ದ ಕಾಲ ಅದು. ಸುದ್ದಿ ಬೀದಿಯಿಂದ ಬೀದಿಗೆ ಹರಿದು, ಒಂದು ಗಳಿಗೆಯೊಳಗೆ ಊರಿನ ಗಂಡಸರೆಲ್ಲ ಜೋಳದ ಹೊಲಕ್ಕೆ ನುಗ್ಗಿಬಿಟ್ಟರು. ನಮ್ಮ ಮಾವ ಅರವತ್ತು ದಾಟಿದವರು, ಅವರೂ ಹಿತ್ತಲ ಬೇಲಿ ಹಾರಿ ಪಂಚೆ ಹರಿದುಕೊಂಡರು.

ಸಿಕ್ಕಿಬಿದ್ದವರು ನಮ್ಮ ಯಜಮಾನರೊಬ್ಬರೇ. ಗಾಡಿಯಲ್ಲಿ ಗೊಬ್ಬರ ತುಂಬಿಕೊಂಡು ಎದುರಿಗೆ ಬರುತ್ತಿದ್ದರು, ಎತ್ತು ಬಿಟ್ಟು ಎಲ್ಲಿಗೆ ಓಡುತ್ತಾರೆ? ಆ ಮನುಷ್ಯ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು. ನಮ್ಮ ಯಜಮಾನರು ಕೈಮುಗಿದು ಹೇಳಿದರಂತೆ:

“ನಂಗಿನ್ನೂ ಒಂದ್ ಮಗೂನೂ ಆಗಿಲ್ಲ ಸೋಮಿ. ಈಗ್ಲೇ ಬ್ಯಾಡ, ಬುಟ್ಬುಡಿ.”

ಆ ಮನುಷ್ಯನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗದೆ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರಂತೆ. ಅವರೇ ಡೈರೆಕ್ಟರು. ಆಗ ಅವರಿನ್ನೂ ಹೆಸರು ಮಾಡಿರಲಿಲ್ಲ. ಅಂದಿನಿಂದ ನಮ್ಮ ಯಜಮಾನರೆಂದರೆ ಅವರಿಗೆ ಒಂದು ಅಕ್ಕರೆ. ಊರಿಗೆ ಬಂದಾಗಲೆಲ್ಲ ಅವರ ಗಾಡಿಯಲ್ಲೇ ಕೂತು ಹೊಲ, ಕೆರೆ, ದಾರಿ ಎಲ್ಲ ನೋಡಿ ಬರುತ್ತಿದ್ದರು. ಈ ಊರಲ್ಲಿ ಹೆಚ್ಚು ಗಂಡಸರಿಗೆ ಇರುವ ಹೆಸರು ಯಾವುದು ಅಂತ ಕೇಳಿ ಅದನ್ನೇ ತಮ್ಮ ಕಥೆಯ ಗಂಡಸಿಗೆ ಇಟ್ಟುಕೊಂಡರು. ನಮ್ಮ ಕಡೆ ಬೆಟ್ಟದ ದೇವರ ಹೆಸರನ್ನು ಮನೆಗೊಬ್ಬರಿಗಾದರೂ ಇಡುತ್ತಾರೆ. ನಮ್ಮ ಯಜಮಾನರಿಗೆ ಇದ್ದದ್ದೂ ಆ ಹೆಸರೇ.

ಆಮೇಲೆ ಒಂದು ವ್ಯಾನು, ಒಂದು ಲಾರಿ, ಇಪ್ಪತ್ತು ಮೂವತ್ತು ಜನ ಬಂದರು. ಸ್ಕೂಲಿನಲ್ಲಿ ಇಳಿದುಕೊಂಡರು. ಕಥೆ ಏನೆಂದರೆ, ಒಬ್ಬ ಒಕ್ಕಲು ಮಗ ಮನೆಯಲ್ಲಿ ಯಾರಿಗೂ ಹೇಳದೆ ಊರು ಬಿಟ್ಟು ಘಟ್ಟದ ಮೇಲಿನ ಟೀ ತೋಟಕ್ಕೆ ಕೂಲಿಗೆ ಹೊರಡುತ್ತಾನೆ. ಅವನು ಬಸ್ಸಿನ ಕಡೆ ನಡೆದು ಹೋಗುವಾಗ ಪಕ್ಕದ ಮನೆಯ ಹೆಂಗಸು ನೋಡುತ್ತಾಳೆ. ಬುತ್ತಿ ಗಂಟನ್ನು ಕಟ್ಟೆಯ ಮೇಲೆ ಮರೆತು ಹೋಗುತ್ತಿದ್ದಾನಲ್ಲ ಅಂತ ಗಂಟು ಎತ್ತಿಕೊಂಡು ಅವನ ಹೆಸರು ಹಿಡಿದು ಕೂಗುತ್ತಾಳೆ. ಅವನು ಕೇಳಿಸಿಕೊಂಡೂ ತಿರುಗಿ ನೋಡದೆ ಬಸ್ಸು ಹತ್ತುತ್ತಾನೆ. ಅಷ್ಟೇ.

ಆ ಗಂಡಸಿನ ಪಾರ್ಟು ಮಾಡಿದವರು ಪಟ್ಟಣದ ನಾಟಕದವರು. ಬರಿಗಾಲಲ್ಲಿ ನಡೆದು ಅಭ್ಯಾಸವಿಲ್ಲ. ಮೂರನೆಯ ದಿನ ಜಾಲಿ ಮುಳ್ಳು ತುಳಿದರು, ಕಾಲು ಕುಂಬಳಕಾಯಿಯಷ್ಟು ಊದಿತು. ಹಿಂದಿನಿಂದ ನಡೆದು ಹೋಗುವುದನ್ನು ತೆಗೆಯಬೇಕಾದಾಗ ಡೈರೆಕ್ಟರು ನಮ್ಮ ಯಜಮಾನರನ್ನು ಕರೆದರು. ಮೈಕಟ್ಟು ಅದೇ, ನಡಿಗೆ ಇನ್ನೂ ಚೆನ್ನಾಗಿದೆ ಅಂದರಂತೆ. ಕೂಗುವ ಹೆಂಗಸಿನ ಪಾರ್ಟಿನವಳಿಗೆ ಅದೇ ದಿನ ಬೇರೆ ಕಡೆ ನಾಟಕವಿತ್ತು, ಅವಳು ಹೊರಟು ಹೋದಳು. ಬೋರ್‌ವೆಲ್ಲಿನ ಹತ್ತಿರ ಬಿಂದಿಗೆ ಇಟ್ಟುಕೊಂಡು ಬಾಯಿ ಬಿಟ್ಟು ನೋಡುತ್ತಾ ನಿಂತಿದ್ದವಳು ನಾನು. ಡೈರೆಕ್ಟರ ಕಣ್ಣು ನನ್ನ ಮೇಲೆ ಬಿತ್ತು.

ನಮ್ಮ ಮಾವನನ್ನು ಒಪ್ಪಿಸಲು ಅರ್ಧ ದಿನ ಹಿಡಿಯಿತು. ತಲೆಯ ಮೇಲೆ ಸೆರಗು ಇರಬೇಕು, ಮುಖಕ್ಕೆ ಪೌಡರ್ ಬಳಿಯಬಾರದು, ತಾವು ಕ್ಯಾಮೆರಾದ ಪಕ್ಕದಲ್ಲೇ ನಿಂತಿರಬೇಕು ಅಂತ ಮೂರು ಕರಾರು ಹಾಕಿ ಒಪ್ಪಿದರು. ನಾನೇನು ಕೂಗಬೇಕು ಅನ್ನುವುದನ್ನು ಮಾತ್ರ ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗಾಗಲೇ ಖುಷಿಯಲ್ಲಿ ಕಿವಿ ಮುಚ್ಚಿಹೋಗಿತ್ತು.

ಸಾಯಂಕಾಲದ ಬಿಸಿಲು. ರಸ್ತೆಯ ಹುಣಿಸೆ ಮರಗಳ ನೆರಳು ಉದ್ದವಾಗಿತ್ತು. ನನ್ನ ಕೈಗೆ ಬುತ್ತಿ ಗಂಟು ಕೊಟ್ಟರು. ಯಜಮಾನರು ಮುಂದೆ ನಡೆದರು. ಈಗ ಕೂಗು ಅಂದರು. ಹೆಸರು ಇಂಥದ್ದು ಅಂದರು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ.

ನಾಚಿಕೆ ಅಂದುಕೊಂಡರು. ಮತ್ತೆ ಮೊದಲಿನಿಂದ ನಡೆಸಿದರು. ಎರಡನೆಯ ಸಲ “ಇಲ್ನೋಡಿ” ಅಂತ ಕೂಗಿಬಿಟ್ಟೆ. ಸಿನಿಮಾದ ಹುಡುಗರು ನಕ್ಕರು. ಪಕ್ಕದ ಮನೆಯ ಗಂಡಸನ್ನು ಯಾರಮ್ಮಾ ಹೀಗೆ ಕರೆಯುತ್ತಾರೆ, ಹೆಸರು ಹಿಡಿದು ಕೂಗು ಅಂದರು. ಮೂರನೆಯ ಸಲವೂ ಬಾಯಿ ತೆರೆದದ್ದಷ್ಟೇ. ಅವರಲ್ಲಿ ಒಬ್ಬನಿಗೆ ಸಿಟ್ಟು ಬಂತು. ನಿನ್ನ ದನಿ ನಮಗೆ ಬೇಡವೇ ಬೇಡ, ದನಿಯನ್ನು ಆಮೇಲೆ ಮದರಾಸಿನಲ್ಲಿ ಬೇರೆಯವರಿಂದ ಹಾಕಿಸುತ್ತೇವೆ, ತುಟಿ ಆಡಿಸಿದರೆ ಸಾಕು ಅಂದ. ಅವನಿಗೆ ಹೇಗೆ ಹೇಳಲಿ? ತುಟಿಯಲ್ಲಿ ಆಡಿದರೂ ಆಡಿದಂತೆಯೇ ಅಲ್ಲವೇ? ಎದುರಿಗೆ ಮಾವ, ಹಿಂದೆ ಇಡೀ ಊರು. ಗಂಟು ಹಿಡಿದ ಕೈ ಬೆವರಿ ಒದ್ದೆಯಾಯಿತು.

ಡೈರೆಕ್ಟರು ಛತ್ರಿ ಕೆಳಗಿನಿಂದ ಎದ್ದು ಬಂದರು. ಬೈಯಲಿಲ್ಲ. ಏನಮ್ಮಾ ತೊಂದರೆ ಅಂತ ಕೇಳಿದರು. ನಾನು ನೆಲ ನೋಡಿದೆ. ಆಗ ನಮ್ಮ ಮಾವ ಎರಡು ಹೆಜ್ಜೆ ಮುಂದೆ ಬಂದು, ಮೀಸೆಯ ಮೇಲೆ ಕೈಯಿಟ್ಟು, ಹೆಮ್ಮೆಯಿಂದಲೇ ಹೇಳಿದರು:

“ಗಂಡನ್ ಎಸ್ರ ಎಂಗ್ ಕೂಗಾಳು ಸೋಮಿ? ಅಲ್ಲಿ ಓಯ್ತಾ ಇರೋನು ಅವಳ ಗಂಡ ಅಲ್ವಾ?”

ಕಥೆಯ ಗಂಡಸಿನ ಹೆಸರನ್ನೇ ಬದಲಾಯಿಸೋಣ ಅಂತ ಸಿನಿಮಾದವರಲ್ಲಿ ಒಬ್ಬ ಅಂದ. ಆಗುವುದಿಲ್ಲ, ಈಗಾಗಲೇ ತೆಗೆದದ್ದರಲ್ಲಿ ಆರು ಕಡೆ ಆ ಹೆಸರು ಬಂದುಹೋಗಿದೆ ಅಂತ ಇನ್ನೊಬ್ಬ ಅಂದ. ಬಿಸಿಲು ಇಳಿಯುತ್ತಿತ್ತು. ಡೈರೆಕ್ಟರು ರಸ್ತೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದರು. ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ದೂರದಲ್ಲಿ ಬೆನ್ನು ಮಾಡಿ ನಿಂತಿದ್ದ ನಮ್ಮ ಯಜಮಾನರನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು:

“ಕೂಗಬೇಡ ತಾಯಿ. ಮೊದಲನೇ ಸಲ ಹೇಗೆ ಬಾಯಿ ತೆರೆದೆಯೋ ಹಾಗೇ ತೆರೆ. ಆಮೇಲೆ ತಲೆ ಬಗ್ಗಿಸಿ ಗಂಟು ನೋಡು, ಸಾಕು.”

ಇವರ ಹತ್ತಿರಕ್ಕೆ ಹೋಗಿ, ಏನೇ ಆದರೂ ತಿರುಗಿ ನೋಡಬೇಡ ಅಂತ ಹೇಳಿ ಬಂದರು. ಗುಂಡ್ಲುಪೇಟೆಯ ಕಡೆಯಿಂದ ಬಸ್ಸು ಬಂತು. ನಾನು ಬಾಯಿ ತೆರೆದೆ. ಹೆಸರು ಗಂಟಲವರೆಗೆ ಬಂದು ನಿಂತಿತು. ತಲೆ ಬಗ್ಗಿಸಿದೆ. ಬಸ್ಸು ಹೊರಟ ಸದ್ದಾಯಿತು. ತಲೆ ಎತ್ತುವಷ್ಟರಲ್ಲಿ ರಸ್ತೆಯ ತುಂಬ ಕೆಂಪು ಧೂಳು, ಇವರೂ ಇಲ್ಲ, ಬಸ್ಸೂ ಇಲ್ಲ. ಮುಂದಿನ ಊರಲ್ಲಿ ಇಳಿದು ಎರಡು ಮೈಲಿ ನಡೆದು ವಾಪಸು ಬಂದರು.

ಅವತ್ತಿನಿಂದ ಊರಲ್ಲಿ ಎರಡು ಪಕ್ಷವಾಯಿತು. ನಮ್ಮ ನಾದಿನಿ ಮರದ ಬುಡದಲ್ಲಿದ್ದಳು. “ನಮ್ಮಣ್ಣ ತಿರುಗ್ದ ಕಣತ್ತಿಗೆ, ನನ್ ಕಣ್ಣಾರ ಕಂಡಿವ್ನಿ” ಅಂತ ಅವಳು. ನಮ್ಮ ಮಾವನದು ಬೇರೆ ಮಾತು, ನನ್ನ ಮಗ ಹೆಂಡತಿ ಮುಖ ನೋಡಿಕೊಂಡು ನಿಲ್ಲುವ ಗಂಡಸಲ್ಲ, ಧೂಳಲ್ಲಿ ಯಾರಿಗೆ ಏನು ಕಂಡಿತು ಅಂತ. ಬಾವಿಕಟ್ಟೆಯಲ್ಲಿ, ಕಳೆ ಕೀಳುವಲ್ಲಿ, ಹಿಟ್ಟಿನ ಗಿರಣಿಯಲ್ಲಿ ಇದೇ ಜಗಳ. ನಾನು ಅವರನ್ನೇ ಕೇಳಿದೆ, ತಿರುಗಿ ನೋಡಿದಿರಾ ಅಂತ.

“ಡೈರೆಕ್ಟ್ರು ನೋಡ್ಬ್ಯಾಡ ಅಂದಿದ್ರು ಕಣಮ್ಮಿ. ನಾನ್ಯಾಕ್ ನೋಡ್ಲಿ?”

ಅವತ್ತೂ ಅದೇ ಉತ್ತರ, ಆಮೇಲೆ ನಲವತ್ತು ವರ್ಷ ಕೇಳಿದರೂ ಅದೇ ಉತ್ತರ.

ಸಿನಿಮಾ ಚಾಮರಾಜನಗರದ ಟಾಕೀಸಿಗೆ ಬಂದಾಗ ನಾನು ಗುಂಡ್ಲುಪೇಟೆ ಕಡೆ ತೌರಿನಲ್ಲಿ ಹಸಿ ಬಾಣಂತಿ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಮಲಗಿದ್ದೆ. ಹೊಸ್ತಿಲು ದಾಟಲು ನಮ್ಮವ್ವ ಬಿಡುತ್ತಾಳೆಯೇ? ಇವರು ನೋಡಿ ಬಂದು ತೊಟ್ಟಿಲ ಹತ್ತಿರ ಕೂತರು. ನಾನು ಹೇಗೆ ಕಂಡೆ ಅಂತ ಕೇಳಿದೆ. ಚೆನ್ನಾಗಿ ಕಂಡೆ ಅಂದರು. ನೀವು ಹೇಗೆ ಕಂಡಿರಿ ಅಂದೆ. “ನನ್ ಬೆನ್ನು ಕಾಣ್ತದೆ” ಅಂದರು. ಮಗುವಿನ ಕಾಲು ಹಿಡಿದು ಆಡಿಸುತ್ತಾ ಮಾತು ಮರೆಸಿಬಿಟ್ಟರು. ಊರಿನ ಬೇರೆಯವರಿಗೆ ಸುದ್ದಿ ಮುಟ್ಟುವ ಮುಂಚೆಯೇ ನಾಲ್ಕು ದಿನ ಓಡಿ ಸಿನಿಮಾ ಹೊರಟುಹೋಯಿತು. ಆ ನಾಲ್ಕೂ ದಿನ ಇವರು ಗಾಡಿಯ ಗಾಲಿ ರಿಪೇರಿ ಅಂತ ಚಾಮರಾಜನಗರಕ್ಕೆ ಹೋಗಿದ್ದರಂತೆ. ಗಾಡಿ ನೋಡಿದರೆ ಕೊಟ್ಟಿಗೆಯಲ್ಲೇ ಇತ್ತು ಅಂತ ನಮ್ಮತ್ತೆ ಆಮೇಲೆ ಹೇಳಿದರು. ಆಗ ನನಗೆ ಬೇರೆಯೇ ಅನುಮಾನ ಬಂದು ಎರಡು ದಿನ ಊಟ ಬಿಟ್ಟಿದ್ದೆ.

ಮತ್ತೊಂದು ಸಲ, ಮಕ್ಕಳು ದೊಡ್ಡವರಾದ ಮೇಲೆ, ಟೀವಿಯಲ್ಲಿ ಹಾಕುತ್ತಾರೆ ಅಂತ ಗೊತ್ತಾಯಿತು. ಮೇಷ್ಟರ ಮನೆಯಲ್ಲಿ ಮಾತ್ರ ಟೀವಿ. ಮಧ್ಯಾಹ್ನದ ಹೊತ್ತು ಅರ್ಧ ಊರು ಅಲ್ಲಿ ಸೇರಿತು. ನಮ್ಮ ಬೀದಿ, ನಮ್ಮ ಕೆರೆ, ನಮ್ಮ ಮಾವನ ಹರಿದ ಪಂಚೆ ಎಲ್ಲ ಬಂತು. ನನ್ನ ಜಾಗ ಬರುವುದಕ್ಕೆ ಮುಂಚೆ ಕರೆಂಟು ಹೋಯಿತು. ಬಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಇವರು ಎದ್ದು ಮೈ ಮುರಿದು, ಹೋಗಲಿ ಬಿಡು ಅಂದರು. ಅವರ ಮುಖದಲ್ಲಿ ಬದುಕಿದೆ ಅನ್ನುವ ಕಳೆ ಇತ್ತು ಅಂತ ಈಗ ನೆನಪು ಮಾಡಿಕೊಳ್ಳುತ್ತೇನೆ. ಆಗ ನನಗೆ ಅಳುವೇ ಬಂದಿತ್ತು.

ಡೈರೆಕ್ಟರು ದೊಡ್ಡವರಾದರು. ನಮ್ಮೂರಿನ ಸಿನಿಮಾಕ್ಕೆ ಡೆಲ್ಲಿಯಲ್ಲಿ ಬಹುಮಾನ ಬಂತು, ಹೊರದೇಶದಲ್ಲೂ ತೋರಿಸಿದರು, ಆದರೆ ಆಮೇಲೆ ಅದು ನಮ್ಮ ಕೈಗೆ ಎಲ್ಲೂ ಸಿಗಲಿಲ್ಲ. ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಅವರ ಫೋಟೋ ಬಂದದ್ದನ್ನು ನಾನು ತೊಳೆದು ಒಣಗಿಸಿ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಅವರ ಬದುಕಿನ ಮಿಕ್ಕ ಸಂಗತಿ ನನಗೆ ತಿಳಿದದ್ದು ಮೊಮ್ಮಗಳಿಂದ. ಮೈಸೂರಿನಲ್ಲಿ ಎಂ.ಎ. ಓದುತ್ತಾಳೆ, ಅವರ ಬಗ್ಗೆಯೇ ಬರೆಯುತ್ತೇನೆ ಅಂತ ಹಟ ಹಿಡಿದಳು. ನನ್ನ ಕಾಟ ತಡೆಯಲಾರದೆ ಹಿಡಿದಳೋ ಏನೋ. ಬರೆದದ್ದನ್ನು ಶನಿವಾರ ಶನಿವಾರ ಬಂದು ನನಗೆ ಓದಿ ಹೇಳುತ್ತಿದ್ದಳು. ನಾನು ರಾಗಿ ಕೇರುತ್ತಾ ಕೇಳುತ್ತಿದ್ದೆ.

ಡೈರೆಕ್ಟರ ತಂದೆ ಪೋಸ್ಟ್‌ಮ್ಯಾನ್ ಆಗಿದ್ದರಂತೆ. ಓದು ಬಾರದವರ ಮನೆಯಲ್ಲಿ ತಂದೆ ಕಾಗದ ಓದಿ ಹೇಳುವಾಗ ಹುಡುಗನಾಗಿದ್ದ ಡೈರೆಕ್ಟರು ಪಕ್ಕದಲ್ಲಿ ಕೂತು ಕೇಳುವವರ ಮುಖ ನೋಡುತ್ತಿದ್ದರಂತೆ. ಸಿನಿಮಾ ಕಲಿತದ್ದು ಅಲ್ಲೇ ಅಂತ ಹೇಳಿಕೊಂಡಿದ್ದಾರೆ. ಹರೆಯದಲ್ಲಿ ಗೋಡೆಗೆ ಬೀಜ ಗೊಬ್ಬರದ ಜಾಹೀರಾತು ಬರೆದರು. ಮದರಾಸಿಗೆ ಹೋಗಿ ಏಳೆಂಟು ವರ್ಷ ಬೇರೆ ಡೈರೆಕ್ಟರುಗಳ ಕೈಕೆಳಗೆ ದುಡಿದರು. ಮೊದಲ ಸಿನಿಮಾ ಡಬ್ಬಿಯಿಂದ ಹೊರಗೇ ಬರಲಿಲ್ಲ. ಎರಡನೆಯದು ನಮ್ಮದು. ಆಮೇಲೆ ಹದಿಮೂರೋ ಹದಿನಾಲ್ಕೋ ತೆಗೆದರು. ಒಂದೊಂದರ ನಡುವೆ ಐದಾರು ವರ್ಷ ಕೆಲಸವಿಲ್ಲದೆ ಕೂತದ್ದೂ ಉಂಟು. ಹಾಡಿಲ್ಲದ, ಹೊಡೆದಾಟವಿಲ್ಲದ ಸಿನಿಮಾ ಅಂತ ಜನ ಬಿಟ್ಟರು. ಕಡೆಕಡೆಗೆ ಕುಂಬಾರರ, ನೇಕಾರರ ಮೇಲೆ ಚಿಕ್ಕ ಚಿಕ್ಕ ಚಿತ್ರ ಮಾಡಿದರು. ಈಗ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದೆ. ತಮ್ಮ ಸಿನಿಮಾಗಳನ್ನು ತಾವೇ ಕಿವಿಯಲ್ಲಿ ಕೇಳುತ್ತಾ ಕೂರುತ್ತಾರಂತೆ.

ಅವಳು ಇನ್ನೊಂದು ಹೇಳಿದಳು. ಅವರ ಎಲ್ಲಾ ಸಿನಿಮಾದಲ್ಲೂ ಒಬ್ಬರು ಏನೋ ಹೇಳಲು ಬಾಯಿ ತೆರೆದು ಹೇಳದೆ ಸುಮ್ಮನಾಗುವ ಒಂದು ಜಾಗ ಇದ್ದೇ ಇರುತ್ತದಂತೆ. ಓದಿದವರು ಅದನ್ನು ದೊಡ್ಡ ಸಂಗತಿ ಅಂತ ಬರೆದಿದ್ದಾರಂತೆ.

“ಅದು ನಿನ್ನಿಂದ ಶುರುವಾಗಿದ್ದು ಕಣಜ್ಜಿ.”

ನನಗೆ ನಗು ಬಂತು. ನಾನು ಮಾಡಿದ ತಪ್ಪಿಗೆ ಅಷ್ಟು ಜನ ಬಾಯಿ ತೆರೆದು ನಿಂತರಲ್ಲ ಅಂತ.

ನಮ್ಮ ಯಜಮಾನರ ಕಡೆಯ ದಿನದ ಮಾತನ್ನು ಬರೆಯದೆ ಆಗುವುದಿಲ್ಲ. ಇವರು ಯಾವಾಗಲೂ ಮುಂದೆ ನಡೆಯುವವರು. ಸಂತೆಮರಹಳ್ಳಿ ಸಂತೆಗೆ ಹೋದರೂ ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ತಿರುಗಿ ನೋಡುವ ಮಾತೇ ಇಲ್ಲ. ಡೈರೆಕ್ಟರು ಹೇಳಿದ್ದನ್ನು ಇನ್ನೂ ನಡೆಸುತ್ತಿದ್ದೀರಾ ಅಂತ ಹಿಂದಿನಿಂದ ಚುಚ್ಚುತ್ತಿದ್ದೆ. ಮನೆಯಲ್ಲೂ ಮಾತು ಕಡಿಮೆ. ಏನು ಬೇಕಾದರೂ ಗದ್ದ ಮೇಲಕ್ಕೆತ್ತಿ ಕೇಳುವುದು. ಗದ್ದ ಎತ್ತಿದರೆ ಏನು ಅಂತ ಅರ್ಥ. ಊಟ ಆಯಿತಾ, ಯಾಕೆ ಅಳುತ್ತೀಯ, ಮೈ ಬಿಸಿಯಾ, ಎಲ್ಲದಕ್ಕೂ ಅದೇ. ಎದೆ ಹಿಡಿಯುತ್ತದೆ ಅಂತ ಒಂದು ಬೆಳಿಗ್ಗೆ ಚಾಮರಾಜನಗರದ ಆಸ್ಪತ್ರೆಗೆ ತಾವೇ ಬಸ್ಸಿಗೆ ಹೊರಟರು. ಮಗ ಅಲ್ಲಿಗೇ ಬರುವವನಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಹುಣಿಸೆ ಮರದವರೆಗೆ ಹೋದದ್ದು ನೋಡಿದೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂತು. ಓಡಿದೆ. ಹಾಲು ಇಳಿಸಿ ಬರುವಷ್ಟರಲ್ಲಿ ರಸ್ತೆ ಖಾಲಿ. ಸಾಯಂಕಾಲ ಮನೆಗೆ ಬಂದದ್ದು ಅವರಲ್ಲ, ಸುದ್ದಿ.

ಮರದ ಹತ್ತಿರ ತಿರುಗಿದರೋ ಇಲ್ಲವೋ, ಅದನ್ನು ಇನ್ನು ಹೇಳುವವರು ಯಾರು? ಅದಕ್ಕೇ ನನಗೆ ಸಿನಿಮಾ ಬೇಕಾಗಿತ್ತು. ಅದಾದರೂ ಒಂದು ಕಡೆ ಉಳಿದಿದೆಯಲ್ಲ ಅಂತ.

ಮೊಮ್ಮಗಳು ಡೈರೆಕ್ಟರ ಮನೆಗೇ ಹೋಗಿದ್ದಳು. ನಾನು ಬುತ್ತಿ ಗಂಟಿನವಳ ಮೊಮ್ಮಗಳು ಅಂದಳಂತೆ. ಅವರು ಅವಳ ತಲೆ ಮುಟ್ಟಿ, ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ. ಅವರ ಮಗಳು ಸಿನಿಮಾವನ್ನು ತೊಳೆಸಿ, ಗೆರೆ ಹೋಗಿಸಿ, ಹೊಸದಾಗಿ ಮಾಡಿಸಿ ಇಟ್ಟಿದ್ದರು. ಅದನ್ನು ಕೊಟ್ಟು ಕಳಿಸಿದರು. ಕಳಿಸುವಾಗ ಡೈರೆಕ್ಟರು ಒಂದು ಪ್ರಶ್ನೆಯನ್ನೂ ಕೊಟ್ಟು ಕಳಿಸಿದರು. ನಿಮ್ಮಜ್ಜಿ ಆ ಹೆಸರನ್ನು ಆಮೇಲಾದರೂ ಕರೆದರಾ ಅಂತ.

ಗುರುವಾರ ಮಧ್ಯಾಹ್ನ ನಡುಮನೆಯಲ್ಲಿ ಕೂತೆವು. ಅವಳು ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬದ ಮೇಲಿಟ್ಟಳು. ನಾನು ಬೇರೆ ಸೀರೆ ಉಟ್ಟು, ತಲೆ ಬಾಚಿ ಹೂ ಮುಡಿದೆ. ಗಂಡ ಸತ್ತವಳು ಹೂ ಮುಡಿಯುವುದಿಲ್ಲ ನಮ್ಮಲ್ಲಿ. ಮೊಮ್ಮಗಳು ನೋಡಿ, ಜಾರಿದ್ದ ಹೂವನ್ನು ಸರಿ ಮಾಡಿದಳು.

ನಮ್ಮ ಬೀದಿ ಬಂತು. ಕಪ್ಪು ಬಿಳುಪಿನಲ್ಲಿ ನಮ್ಮ ಕೆರೆ, ಈಗ ಅಷ್ಟು ನೀರಿಲ್ಲ. ಕಥೆ ಎಲ್ಲ ನಡೆಯಿತು, ನನಗೆ ಒಂದೂ ತಲೆಗೆ ಹತ್ತಲಿಲ್ಲ. ಆಮೇಲೆ ರಸ್ತೆ, ಹುಣಿಸೆ ಮರ. ಕಡ್ಡಿಯ ಹಾಗಿದ್ದ ಒಬ್ಬ ಹುಡುಗಿ ಸೆರಗು ಹೊದ್ದು ಗಂಟು ಹಿಡಿದು ನಿಂತಿದ್ದಾಳೆ. ಇವಳಾರು ಅಂತ ನಾನೇ ಕೇಳಿದೆ. ಅವಳು ಬಾಯಿ ತೆರೆದಳು. ಡೈರೆಕ್ಟರು ಅಲ್ಲಿ ಯಾರ ದನಿಯನ್ನೂ ಹಾಕಿಸಿರಲಿಲ್ಲ. ಬಸ್ಸಿನ ಇಂಜಿನ್ ಸದ್ದು, ಒಂದು ಕಾಗೆ, ಅಷ್ಟೇ. ಅವಳು ತಲೆ ಬಗ್ಗಿಸಿದಳು.

ಆಮೇಲೆ ಅವರು. ಅವರ ಬೆನ್ನು, ಹೆಗಲ ಮೇಲಿನ ಟವಲು, ಆ ನಡಿಗೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಕಂಬಿ ಹಿಡಿದರು.

ತಿರುಗಿದರು.

ಇಪ್ಪತ್ತಮೂರು ವರ್ಷದ ಮುಖ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೇರ ನನ್ನನ್ನೇ ನೋಡಿದರು. ನೋಡಿ, ಗದ್ದ ಮೇಲಕ್ಕೆತ್ತಿದರು. ಏನು ಅಂತ. ಅಷ್ಟರಲ್ಲಿ ಧೂಳು ಎದ್ದು ಮುಚ್ಚಿತು.

ನಾನು ಕೇಳುವ ಮುಂಚೆಯೇ ಮೊಮ್ಮಗಳು ಹಿಂದಕ್ಕೆ ಹಾಕಿ ಮತ್ತೆ ತೋರಿಸಿದಳು, ಮತ್ತೆ ಮತ್ತೆ ತೋರಿಸಿದಳು. ಅದೆಷ್ಟನೆಯ ಸಲವೋ ನನಗೆ ಇನ್ನೊಂದು ಕಂಡಿತು. ಅವರು ತಿರುಗಿ ಏನು ಅಂತ ಕೇಳುವ ಹೊತ್ತಿನಲ್ಲಿ ಈ ಕಡೆ ಆ ಹುಡುಗಿ ಗಂಟು ನೋಡುತ್ತಾ ತಲೆ ಬಗ್ಗಿಸಿಕೊಂಡಿದ್ದಾಳೆ. ಅಷ್ಟು ವರ್ಷ ಅವರನ್ನು ದೂರಿದೆನಲ್ಲ, ನೋಡದೆ ನಿಂತವಳು ನಾನು. ಹಾಲಿಗೆ ಅಂತ ಒಳಗೆ ಓಡಿದವಳೂ ನಾನೇ. ಅತ್ತುಬಿಟ್ಟೆ. ನಕ್ಕೆ. ಎರಡೂ ಒಟ್ಟಿಗೇ ಬಂತು, ಯಾವುದು ಮೊದಲು ಅಂತ ಹೇಳಲಾರೆ. ಗಾಲಿ ರಿಪೇರಿಯ ಕಥೆ ನೆನಪಾಗಿ ಮತ್ತೆ ನಕ್ಕೆ. ಒಂದು ಊರಿನ ಗಂಡಸು, ಅಪ್ಪನ ಎದುರಿಗೆ, ಎಲ್ಲರ ಎದುರಿಗೆ, ಡೈರೆಕ್ಟರು ಬೇಡವೆಂದರೂ ಹೆಂಡತಿಯ ಕಡೆ ತಿರುಗಿದ್ದು ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಬಂದುಬಿಟ್ಟಿದೆ. ಮನೆಯಲ್ಲಿ ಹೇಗೆ ಹೇಳುತ್ತಾರೆ, ಪಾಪ. ಹೇಳಲೂ ಆಗದೆ, ನೋಡದೆ ಇರಲೂ ಆಗದೆ ನಾಲ್ಕು ದಿನ ಟಾಕೀಸಿಗೆ ನಡೆದಿದ್ದಾರೆ.

ಶುಕ್ರವಾರ ಮೊಮ್ಮಗಳು ಡೈರೆಕ್ಟರಿಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿದಳು. ದನಿ ಸಣ್ಣಗಾಗಿದೆ ಅವರದ್ದು. ನನಗೆ ಈಗ ಕಾಣುವುದಿಲ್ಲ ತಾಯಿ, ನಿಮಗೆ ಏನು ಕಂಡಿತು ಹೇಳಿ ಅಂದರು. ನಾನು ಎಲ್ಲ ಹೇಳಿದೆ. ಕಾಲಿಟ್ಟದ್ದು, ಕಂಬಿ ಹಿಡಿದದ್ದು, ಗದ್ದ ಎತ್ತಿದ್ದು, ಅದರ ಅರ್ಥ.

“ಗದ್ದ ಎತ್ತಿದ್ದು ಏನು ಅಂತ ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ,” ಅಂದರು. “ಪಾರ್ಟಿನವನ ಮುಖ ಅಲ್ಲವಲ್ಲ, ಕತ್ತರಿಸಿ ಹಾಕೋಣ ಅಂತಿದ್ದೆ. ಕೈ ಬರಲಿಲ್ಲ. ನನ್ನ ಮಾತು ಕೇಳಲಿಲ್ಲ ಆ ಮನುಷ್ಯ, ಒಳ್ಳೇದಾಯ್ತು.”

ಆಮೇಲೆ ಅದೇ ಪ್ರಶ್ನೆ ಕೇಳಿದರು, ಕರೆದಿರಾ ಅಂತ.

“ಇಲ್ಲ ಸೋಮಿ. ಇನ್ನೂ ಗಂಟಲಲ್ಲೇ ಅದೆ.”

ಇರಲಿ ಬಿಡಿ ತಾಯಿ ಅಂದರು.

ಮೊಮ್ಮಗಳು ನಿನ್ನೆ ಮೈಸೂರಿಗೆ ಹೋದಳು. ಹೋಗುವ ಮುಂಚೆ ಆ ಜಾಗವನ್ನಷ್ಟೇ ತೆಗೆದು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಯಾವುದನ್ನು ಒತ್ತಬೇಕು ಅಂತಲೂ ಕಲಿಸಿದ್ದಾಳೆ. ಇವತ್ತು ಬೆಳಿಗ್ಗೆ ಹಾಲಿಟ್ಟು ಬಾಗಿಲಲ್ಲಿ ಕೂತು ಅದನ್ನು ಒತ್ತಿದೆ. ಹುಡುಗಿ ಬಾಯಿ ತೆರೆದಳು, ತಲೆ ಬಗ್ಗಿಸಿದಳು. ಅವರು ಕಾಲಿಟ್ಟರು, ಕಂಬಿ ಹಿಡಿದರು. ಒಳಗೆ ಹಾಲು ಉಕ್ಕುವ ಸದ್ದು ಬಂತು. ಒಲೆಗೆ ಬಿದ್ದು ಚುಂಯ್ ಅಂದಿತು, ವಾಸನೆ ಮನೆಯೆಲ್ಲ ತುಂಬಿತು.

ನಾನು ಏಳಲಿಲ್ಲ. ಅವರು ತಿರುಗುವ ಹೊತ್ತಾಗಿತ್ತು.